ಸಾಲ ಮುಗಿಯುತ್ತಿದೆ, ಮನೆ ವಿಮೆ ಮುಂದುವರಿಸಬೇಕಾ? ಮನೆ ಹಿಂದೆ ಬರೆ ಇದೆ

ಮಕ್ಕಂದೂರು ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಮಕ್ಕಂದೂರಿನ ಹತ್ತಿರ. 2013ರಲ್ಲಿ ಬ್ಯಾಂಕ್ ಸಾಲ ತೆಗೆದು ಕಟ್ಟಿದೆವು. 1,200 ಚದರಡಿ, ಆರ್‌ಸಿಸಿ ಮನೆ, ಮಳೆಗೆ ಮೇಲೆ ಶೀಟ್ ಹಾಕಿಸಿದ್ದೇವೆ. ಹಿಂದುಗಡೆ ಹನ್ನೆರಡು ಅಡಿ ಬರೆ, ಅಂದರೆ ಇಳಿಜಾರು ಕಡಿದಾಗ ಉಳಿದ ನೇರ ಮಣ್ಣಿನ ಗೋಡೆ. ಅದಕ್ಕೆ ಕಲ್ಲಿನ ತಡೆಗೋಡೆ ಇದೆ. 2018ರ ಆಗಸ್ಟ್‌ನ ಮಳೆ, ಭೂಕುಸಿತದಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಎದುರಿನ ಗುಡ್ಡ ಜಾರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹನ್ನೊಂದು ದಿನ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇನೆ.

ಈ ತಿಂಗಳು ಸಾಲದ ಕೊನೆಯ ಕಂತು. ಸಾಲದ ಜೊತೆ ವಿಮೆಯೂ ನಿಲ್ಲುತ್ತದೆ ಎಂದು ಬ್ಯಾಂಕಿನಲ್ಲಿ ಹೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕಾಗದ ತೆಗೆದು ನೋಡಿದೆ. ವಿಮೆ ಮೊತ್ತ 9 ಲಕ್ಷ ಎಂದಿದೆ. ಇವತ್ತು ಈ ಮನೆ ಕಟ್ಟಲು 9 ಲಕ್ಷದಲ್ಲಿ ತಳಪಾಯವೂ ಮುಗಿಯಲ್ಲ ಅಲ್ವಾ?

ನನ್ನ ಪ್ರಶ್ನೆಗಳು: ಹೊಸದಾಗಿ ಎಷ್ಟಕ್ಕೆ ಮಾಡಿಸಬೇಕು? ಖರ್ಚು ಎಷ್ಟಾಗುತ್ತದೆ? ಬರೆ ಕುಸಿದರೆ ನಿಜವಾಗಿಯೂ ಕೊಡುತ್ತಾರಾ? ಏಜೆಂಟ್ "ಎಲ್ಲಾ ಕವರ್ ಆಗುತ್ತೆ ಮೇಡಂ" ಎನ್ನುತ್ತಾರೆ. ಆ "ಎಲ್ಲಾ" ಅನ್ನುವ ಮಾತೇ ನನಗೆ ಭಯ. ಇನ್ನೊಂದು ವಿಷಯ, ನಮ್ಮ ಮೇಲಿನ ಜಾಗದವರು ಮನೆ ತಳಕ್ಕೆಂದು ಜೆಸಿಬಿ ತಂದು ಮಣ್ಣು ತೆಗೆಸುತ್ತಿದ್ದಾರೆ.

ಬೆಂಗಳೂರಿನಿಂದ ಕೊಡಗಿನವ:
ಅಕ್ಕ, ಒಳ್ಳೆ ಪ್ರಶ್ನೆ. ನಾನೂ ಕೇಳಬೇಕೆಂದಿದ್ದೆ. ಅಪ್ಪ ಅಮ್ಮ ಇಬ್ಬರೇ ಮಾದಾಪುರದ ಕಡೆ ಇದ್ದಾರೆ. ಇಲ್ಲಿಂದ ಆನ್‌ಲೈನ್‌ನಲ್ಲಿ ನೋಡಿದರೆ ವರ್ಷಕ್ಕೆ ಸಾವಿರದೈನೂರು, ಎರಡು ಸಾವಿರ ಎಂದು ತೋರಿಸುತ್ತದೆ. ಇಷ್ಟು ಕಡಿಮೆಗೆ ಮನೆ ಪೂರ್ತಿ ಹೇಗೆ ಕೊಡುತ್ತಾರೆ ಎಂದೇ ಅನುಮಾನ.

ವಿಮೆ ಸರ್ವೇ ಮಾಡುತ್ತಿದ್ದವನು:
ಮಕ್ಕಂದೂರಿನ ತಂಗಿಗೆ ನಮಸ್ಕಾರ. ನಾನು ಈಗ ನಿವೃತ್ತ. ಬೆಂಕಿ, ಪ್ರವಾಹ, ಕುಸಿತದ ನಷ್ಟ ಅಳೆಯುವ ಕೆಲಸ ಮಾಡುತ್ತಿದ್ದೆ. ಒಂದೊಂದಾಗಿ ಹೇಳುತ್ತೇನೆ.

9 ಲಕ್ಷ ಯಾಕೆ? ಬ್ಯಾಂಕಿಗೆ ಬೇಕಾಗಿದ್ದು ತನ್ನ ಸಾಲ ವಾಪಸ್ ಬರುವುದು. ಸಾಲದ ಲೆಕ್ಕಕ್ಕೆ ವಿಮೆ ಮಾಡಿಸಿದ್ದಾರೆ, ಮನೆಯ ಲೆಕ್ಕಕ್ಕಲ್ಲ. ನಷ್ಟವಾಗಿದ್ದರೂ ಹಣ ಮೊದಲು ಹೋಗುತ್ತಿದ್ದದ್ದು ಬ್ಯಾಂಕಿಗೆ. ಇನ್ನು ಕೆಲವರು ಸಾಲದ ಜೊತೆ ಕೊಟ್ಟ ಜೀವ ವಿಮೆಯನ್ನೇ ಮನೆ ವಿಮೆ ಎಂದುಕೊಂಡಿರುತ್ತಾರೆ. ಅದು ಸಾಲ ತೆಗೆದವರು ತೀರಿಕೊಂಡರೆ ಸಾಲ ತೀರಿಸಲು. ಗೋಡೆ ಬಿದ್ದರೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ನಿಮ್ಮ ಕಾಗದ ಎರಡರಲ್ಲಿ ಯಾವುದು ಎಂದು ಮೊದಲು ನೋಡಿ.

ಎಷ್ಟಕ್ಕೆ ಮಾಡಿಸಬೇಕು? ಜಾಗದ ಬೆಲೆ ಪೂರ್ತಿ ಮರೆತುಬಿಡಿ. ಇವತ್ತು ಇದೇ ಮನೆಯನ್ನು ಮತ್ತೆ ಕಟ್ಟಲು ಏನು ಬೀಳುತ್ತದೋ ಅದು ಮಾತ್ರ. ಒಳಗಿನ ಅಳತೆಯನ್ನು ನಿಮ್ಮ ಊರಿನ ಕಟ್ಟುವ ದರದಿಂದ ಗುಣಿಸಿ. ಆ ದರವನ್ನು ನಿಮ್ಮ ಮೇಸ್ತ್ರಿಯನ್ನೇ ಕೇಳಿ, ಬೆಂಗಳೂರಿನ ದರ ಬೇಡ. ನಮ್ಮಲ್ಲಿ ಮರಳು, ಸಿಮೆಂಟು ಗುಡ್ಡ ಹತ್ತಿಸುವ ಖರ್ಚೇ ಬೇರೆ.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ "ಭಾರತ್ ಗೃಹ ರಕ್ಷಾ" ಎನ್ನುವ ಒಂದೇ ತರಹದ ಪಾಲಿಸಿ ಕೊಡಲೇಬೇಕು ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಹೇಳಿದೆ. ಹೆಸರಿನ ಹಿಂದೆ ಮುಂದೆ ಕಂಪನಿಯ ಹೆಸರಿರಬಹುದು. ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಬಂಡೆ ಉರುಳುವುದು, ಮನೆ ಮೇಲೆ ಮರ ಬೀಳುವುದು, ಕಾಡ್ಗಿಚ್ಚು, ನೀರಿನ ಟ್ಯಾಂಕ್ ಒಡೆಯುವುದು, ಗಲಭೆ ಎಲ್ಲವೂ ಅದರಲ್ಲೇ ಬರುತ್ತವೆ. ಪ್ರವಾಹ, ಕುಸಿತಕ್ಕೆಂದು ಬೇರೆ ದುಡ್ಡು ಕೊಡುವ ಹಾಗಿಲ್ಲ.

ಮನೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಕಾಂಪೌಂಡ್, ಗೇಟ್, ತಡೆಗೋಡೆ, ಒಳಗಿನ ರಸ್ತೆ, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಕೂಡ ಸೇರುತ್ತವೆ. ನಮ್ಮ ಜಿಲ್ಲೆಯಲ್ಲಿ ತಡೆಗೋಡೆಯ ಖರ್ಚು ಎಷ್ಟೋ ಸಲ ಅರ್ಧ ಮನೆಯಷ್ಟು. ಮೊತ್ತ ಹಾಕುವಾಗ ಅದನ್ನು ಬಿಡಬೇಡಿ. ಬಹಳ ಜನ ಬಿಡುತ್ತಾರೆ.

ಬರೆಯ ಪ್ರಶ್ನೆ ದೊಡ್ಡದು. ಸಂಜೆ ಕೂತು ಬರೆಯುತ್ತೇನೆ.

ಕರಡಿಗೋಡು ಹೊಳೆ ಬದಿ:
ನಾವು 2019ರಲ್ಲಿ ಹೊಳೆ ನೀರು ನೋಡಿದವರು. ಕಿಟಕಿವರೆಗೆ ಬಂತು. ಫ್ರಿಜ್, ಮಂಚ, ಮಕ್ಕಳ ಪುಸ್ತಕ, ಅಕ್ಕಿ ಡಬ್ಬ ಎಲ್ಲಾ ಹೋಯಿತು. ಗೋಡೆ ನಿಂತಿತ್ತು. ಸರ್, ಮನೆ ಒಳಗಿನ ಸಾಮಾನಿಗೆ ಬೇರೆ ಪಾಲಿಸಿ ಬೇಕಾ? ನಮ್ಮದು ಪೈಸಾರಿ (ಸರ್ಕಾರಿ) ಜಾಗ. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ.

ವಿಮೆ ಸರ್ವೇ ಮಾಡುತ್ತಿದ್ದವನು:
ಕಟ್ಟಡಕ್ಕೆ ಮಾಡಿಸಿದರೆ ಸಾಮಾನು ತಾನಾಗಿಯೇ ಸೇರುತ್ತದೆ. ಕಟ್ಟಡದ ಮೊತ್ತದ ಶೇ 20, ಹೆಚ್ಚೆಂದರೆ 10 ಲಕ್ಷ. ಪಟ್ಟಿ ಕೊಡಬೇಕಾಗಿಲ್ಲ. ಬಂಗಾರ, ಬೆಲೆಬಾಳುವ ವಸ್ತು ಅದರಲ್ಲಿಲ್ಲ. ಅದಕ್ಕೆ ಬೇರೆಯಾಗಿ ಹೇಳಿ, ಬೆಲೆ ತೋರಿಸಿ ಸೇರಿಸಬೇಕು.

ನಿಮ್ಮ ಸ್ಥಿತಿಯಲ್ಲಿ ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. ಸಾಮಾನು ನಿಮ್ಮದೇ, ಅದಕ್ಕೆ ಹಕ್ಕುಪತ್ರ ಯಾರೂ ಕೇಳುವುದಿಲ್ಲ. ಬಾಡಿಗೆ ಮನೆಯವರೂ ಹೀಗೇ ಮಾಡುತ್ತಾರೆ. ಆದರೆ ವಿಳಾಸ, ನೀವು ಅಲ್ಲೇ ಇರುವುದು, ಹೊಳೆ ಹತ್ತಿರ ಇರುವುದು, ಹಿಂದೆ ನೀರು ಬಂದಿದ್ದು ಎಲ್ಲವನ್ನೂ ಅರ್ಜಿಯಲ್ಲಿ ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟು ತೆಗೆದ ಪಾಲಿಸಿ ಬೇಕಾದ ದಿನ ಕೈ ಕೊಡುತ್ತದೆ. ಇನ್ನೊಂದು ಮಾತು. ನೀರು ಏರಿ ಒಳಗೆ ಬಂದರೆ ಅದು ಪ್ರವಾಹ, ಕೊಡುತ್ತಾರೆ. ಹೊಳೆ ವರ್ಷ ವರ್ಷ ದಡ ಕೊರೆದು ಕಟ್ಟಡ ವಾಲಿದರೆ ಅದು ನದಿ ಕೊರೆತ, ಕೊಡುವುದಿಲ್ಲ.

ಸುಂಟಿಕೊಪ್ಪ ತೋಟ:
ಇಷ್ಟೆಲ್ಲಾ ಯಾಕೆ? ಮನೆ ಹೋದರೆ ಸರ್ಕಾರ ಕೊಡುತ್ತದೆ. 2018ರಲ್ಲಿ ಕೊಡಲಿಲ್ಲವಾ? ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆ ಕಟ್ಟಿಕೊಟ್ಟರಲ್ಲ.

ಮಕ್ಕಂದೂರು ಮನೆ:
ಅಣ್ಣ, ಕೊಟ್ಟರು, ನಿಜ. ನಮ್ಮ ನೆಂಟರೇ ಜಂಬೂರಿನಲ್ಲಿದ್ದಾರೆ. ಆದರೆ ಆ ಮನೆಗೆ ಹೋಗಲು ಎರಡು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆದರು. ತೋಟ ಒಂದು ಕಡೆ, ಮನೆ ಒಂದು ಕಡೆ. ಅಂಥ ದೊಡ್ಡ ಅನಾಹುತಕ್ಕೆ ಇಡೀ ರಾಜ್ಯ ಓಡಿ ಬಂತು. ನಮ್ಮ ಹಿಂದಿನ ಬರೆ ಒಂದೇ ಬಿದ್ದು ಅಡುಗೆಮನೆ ಹೋದರೆ ಯಾರು ಬರುತ್ತಾರೆ?

ವಿಮೆ ಸರ್ವೇ ಮಾಡುತ್ತಿದ್ದವನು:
ತಂಗಿ ಹೇಳಿದ್ದು ಸರಿ. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಕಡೆಯಿಂದ ಹೆಚ್ಚು ಸೇರಿಸಿದೆ. ಪ್ರತಿ ವರ್ಷ ಸೇರಿಸುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಅದು ಕೈ ಹಿಡಿದು ಎಬ್ಬಿಸುವ ಹಣ, ಮನೆ ಕಟ್ಟುವ ಹಣವಲ್ಲ.

ವಿರಾಜಪೇಟೆ ಅಕ್ಕ:
ನನ್ನ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. 2019ರ ಆಗಸ್ಟ್. ತೋರ ಗ್ರಾಮದಲ್ಲಿ ಗುಡ್ಡ ಜಾರಿ ಜೀವಗಳು ಹೋದ ಅದೇ ವಾರ. ನಮ್ಮ ಮನೆಯ ಹಿಂದೆ ಮಣ್ಣು ಬಂದು ಸ್ನಾನದ ಮನೆ, ಸ್ಟೋರ್ ರೂಮ್ ಗೋಡೆ ಒಡೆಯಿತು. ಮುಂದಿನ ಅಂಗಳವೂ ಒಂದು ಅಡಿ ಕೂತುಬಿಟ್ಟಿತು.

ನಮ್ಮಲ್ಲಿ ಹಳೆಯ ಬೆಂಕಿ ಪಾಲಿಸಿ ಇತ್ತು. ಕಂಪನಿ ಹೆಸರು ಬೇಡ. ರಿಪೇರಿಗೆ 4 ಲಕ್ಷ ಅಂದಾಜು. ಮನೆಯ ಬೆಲೆ 20 ಲಕ್ಷ, ನಾವು ಮಾಡಿಸಿದ್ದು 10 ಲಕ್ಷಕ್ಕೆ. ಪ್ರೀಮಿಯಂ ಸ್ವಲ್ಪ ಉಳಿಯಲಿ ಎಂದು ಕಡಿಮೆ ಹಾಕಿದ್ದೆವು. 4 ಲಕ್ಷ ಹತ್ತರ ಒಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಎಂದುಕೊಂಡೆ. ಇಲ್ಲ. "ಅರ್ಧ ಬೆಲೆಗೆ ಮಾಡಿಸಿದ್ದೀರಿ, ನಷ್ಟದಲ್ಲೂ ಅರ್ಧ" ಎಂದರು. 2 ಲಕ್ಷಕ್ಕೆ ಇಳಿಯಿತು. ಅಂಗಳಕ್ಕೆ ಏನೂ ಇಲ್ಲ. ಅದು ಮಣ್ಣು ತುಂಬಿಸಿ ಮಾಡಿದ ಜಾಗ ಎಂದರು. ನಿಜವೇ, ನನ್ನ ಮಾವನವರು ಬರೆ ತೆಗೆದ ಮಣ್ಣನ್ನೇ ಮುಂದೆ ಹಾಕಿ ಅಂಗಳ ಅಗಲ ಮಾಡಿದ್ದರು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು.

ವಿಮೆ ಸರ್ವೇ ಮಾಡುತ್ತಿದ್ದವನು:
ಅಕ್ಕ, ನಿಮ್ಮ ಅನುಭವದಿಂದಲೇ ಬರೆಯ ವಿಷಯಕ್ಕೆ ಬರುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಆ "ಅರ್ಧಕ್ಕೆ ಅರ್ಧ" ಕತ್ತರಿ ಭಾರತ್ ಗೃಹ ರಕ್ಷಾದಲ್ಲಿ ಇಲ್ಲ. ಮೊತ್ತ ಸ್ವಲ್ಪ ಕಡಿಮೆ ಹಾಕಿದ್ದರೂ ಆ ಮೊತ್ತದ ಒಳಗಿನ ನಷ್ಟ ಪೂರ್ತಿ ಕೊಡಬೇಕು. ಹಾಗೆಂದು ಕಡಿಮೆ ಹಾಕಬೇಡಿ. ಪೂರ್ತಿ ಮನೆ ಹೋದರೆ ಸಿಗುವುದು ಆ ಮೊತ್ತ ಮಾತ್ರ.

ಈಗ ಕಷ್ಟದ ಭಾಗ. ಪಾಲಿಸಿಯಲ್ಲಿ ನೆಲ ಕುಸಿತ, ಭೂಕುಸಿತ, ಬಂಡೆ ಉರುಳುವುದು ಎಂದು ಒಂದು ಸಾಲು ಇದೆ. ಅದರ ಪಕ್ಕದಲ್ಲೇ ಏನು ಕೊಡುವುದಿಲ್ಲ ಎಂದೂ ಬರೆದಿದೆ. ಏಜೆಂಟ್‌ಗಳು ಎಡಗಡೆಯ ಸಾಲು ಓದಿ ಹೇಳುತ್ತಾರೆ. ಕೊಡಗಿನವರು ಓದಬೇಕಾದದ್ದು ಬಲಗಡೆಯದು. ಹೊಸ ಕಟ್ಟಡ ಮಾಮೂಲಿಯಾಗಿ ಕೂರುವಾಗ ಬರುವ ಬಿರುಕು ಇಲ್ಲ. ತುಂಬಿಸಿದ ಮಣ್ಣು ಕೂತರೆ, ಜರುಗಿದರೆ ಇಲ್ಲ. ನದಿ ಕೊರೆತ ಇಲ್ಲ. ಕೆಟ್ಟ ವಿನ್ಯಾಸ, ಕೆಟ್ಟ ಕೆಲಸ, ಕೆಟ್ಟ ಸಾಮಗ್ರಿಯಿಂದಾದದ್ದು ಇಲ್ಲ. ಕಟ್ಟುವ, ಕೆಡವುವ, ಮಣ್ಣು ಅಗೆಯುವ ಕೆಲಸದಿಂದಾದ ಕುಸಿತ ಇಲ್ಲ.

ಈ ಪಟ್ಟಿ ಓದಿದರೆ ನಮ್ಮ ಅರ್ಧ ಊರಿನ ಮನೆಗಳೇ ಕಣ್ಣ ಮುಂದೆ ಬರುತ್ತವೆ. ಇಳಿಜಾರಿನಲ್ಲಿ ಹಿಂದೆ ಕಡಿದು, ಆ ಮಣ್ಣನ್ನು ಮುಂದೆ ತುಂಬಿಸಿ, ಅರ್ಧ ಗಟ್ಟಿ ನೆಲದ ಮೇಲೆ ಅರ್ಧ ತುಂಬಿದ ಮಣ್ಣಿನ ಮೇಲೆ ಮನೆ. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ ಹೇಳಿದ್ದೂ ಇದನ್ನೇ. ಮನೆಗೆ, ರಸ್ತೆಗೆ ಇಳಿಜಾರು ಕಡಿದದ್ದು ಕುಸಿತಕ್ಕೆ ದೊಡ್ಡ ಕಾರಣ ಎಂದರು.

ಹಾಗಾದರೆ ವಿಮೆ ಬೇಡವಾ? ಬೇಕು. ಮಳೆಗೆ ಮೇಲಿನ ಗುಡ್ಡ ತಾನಾಗಿ ಜಾರಿ ಮನೆಗೆ ಬಡಿದರೆ ಅದು ಭೂಕುಸಿತವೇ. ಆ ದಿನ ನಿಮ್ಮ ಕೈಯಲ್ಲಿ ಏನು ಸಾಕ್ಷಿ ಇದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ತಂಗಿ, ನಿಮ್ಮ ಮನೆ 2013ರದ್ದು, ಬರೆ ಆಗಲೇ ಕಡಿದದ್ದು, ಗೋಡೆ ಕಟ್ಟಿದೆ. 2018ರಂಥ ಮಳೆಯನ್ನು ತಡೆದು ನಿಂತಿದೆ. ಇದು ನಿಮ್ಮ ಬಲ. ಮೇಲಿನ ಜಾಗದ ಜೆಸಿಬಿ ನಿಮ್ಮ ದೌರ್ಬಲ್ಯ. ನಾಳೆ ಅಲ್ಲಿಂದ ಮಣ್ಣು ಬಂದರೆ ಅಗೆತದಿಂದ ಆಯಿತು ಎಂದು ಜಗಳ ಶುರುವಾಗುತ್ತದೆ. ಇವತ್ತೇ ತಾರೀಕು ಬರುವ ಹಾಗೆ ಫೋಟೊ ತೆಗೆಯಿರಿ. ಪಂಚಾಯಿತಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಗಾಳಿಬೀಡು ಹೋಂಸ್ಟೇ:
ಸರ್, ನಮ್ಮದು ಕೆಳಗೆ ನಾವು, ಮೇಲೆ ಎರಡು ರೂಮ್ ಹೋಂಸ್ಟೇ. ಮನೆ ಎಂದೇ ಪಾಲಿಸಿ ಮಾಡಿಸಿದ್ದೇನೆ. ತೊಂದರೆ ಇದೆಯಾ?

ವಿಮೆ ಸರ್ವೇ ಮಾಡುತ್ತಿದ್ದವನು:
ಇದೆ. ಇದು ವಾಸದ ಮನೆಯ ಪಾಲಿಸಿ. ಬಾಡಿಗೆಗೆ ರೂಮ್ ಕೊಟ್ಟು ವ್ಯಾಪಾರ ಮಾಡುವುದನ್ನು ಹೇಳದೇ ಇದ್ದರೆ ಕ್ಲೇಮ್ ದಿನ ಮೊದಲು ಎತ್ತುವ ಮಾತು ಅದೇ. ಬುಕಿಂಗ್ ಫೋಟೊ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆ. ವ್ಯಾಪಾರಕ್ಕೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಎಂದು ಇದೆ, ಒಟ್ಟು ಆಸ್ತಿ 5 ಕೋಟಿವರೆಗೆ. ಪ್ರೀಮಿಯಂ ಸ್ವಲ್ಪ ಜಾಸ್ತಿ. ಕಾಫಿ ಮೂಟೆ ಮನೆಯ ಗೋದಾಮಿನಲ್ಲಿ ಇಡುವವರಿಗೂ ಇದೇ ಮಾತು. ಮಾರುವ ಕಾಫಿ ಮನೆ ಸಾಮಾನಲ್ಲ.

ಅಮ್ಮತ್ತಿ:
ಆನೆ ಬಂದು ಗೇಟ್, ಕಾಂಪೌಂಡ್ ಒಡೆದರೆ?

ವಿಮೆ ಸರ್ವೇ ಮಾಡುತ್ತಿದ್ದವನು:
ಹೊರಗಿನ ವಸ್ತು ಬಡಿದು ಆಗುವ ಹಾನಿ ಪಾಲಿಸಿಯಲ್ಲಿದೆ. ಉದಾಹರಣೆಯಾಗಿ ವಾಹನ, ಮರ ಎಂದು ಬರೆದಿದ್ದಾರೆ. ಆನೆಯ ಹೆಸರಿಲ್ಲ. ಪಾಲಿಸಿ ತೆಗೆಯುವ ಮೊದಲೇ ಕಂಪನಿಗೆ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಬೆಳೆ ಹಾನಿಗೆ ಅರಣ್ಯ ಇಲಾಖೆಗೇ ಅರ್ಜಿ ಹಾಕಬೇಕು. ತೋಟದ ಗಿಡ ಮನೆ ವಿಮೆಯಲ್ಲಿ ಬರುವುದಿಲ್ಲ.

ಐನ್‌ಮನೆ ಕಿರಿಯ:
ನಮ್ಮ ಐನ್‌ಮನೆಗೆ (ಒಕ್ಕದ, ಅಂದರೆ ಕುಲದ ಮೂಲ ಮನೆ) ನೂರು ವರ್ಷ ದಾಟಿದೆ. ಹೆಂಚು, ಮರದ ಕಂಬ, ಮಣ್ಣಿನ ದಪ್ಪ ಗೋಡೆ. ಆರ್‌ಟಿಸಿಯಲ್ಲಿ ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರು, ಉಳಿದವರು ಜಂಟಿ. ಯಾರ ಹೆಸರಲ್ಲಿ ಮಾಡಿಸಬೇಕು? ಒಕ್ಕದಲ್ಲಿ ಈ ಮಾತು ಎತ್ತಿದರೆ ಪುತ್ತರಿ ಹಬ್ಬಕ್ಕೆ ಸೇರಿದಾಗ ನೋಡೋಣ ಎಂದು ಐದು ವರ್ಷದಿಂದ ಮುಂದೆ ಹೋಗುತ್ತಿದೆ.

ವಿಮೆ ಸರ್ವೇ ಮಾಡುತ್ತಿದ್ದವನು:
ಹುಲ್ಲು, ಬಿದಿರು, ಹಲಗೆ, ಟಾರ್ಪಾಲಿನ ಗೋಡೆ ಅಥವಾ ಸೂರು ಇದ್ದರೆ ಕಚ್ಚಾ ಕಟ್ಟಡ ಎಂದು ಬಿಟ್ಟುಬಿಡುತ್ತಾರೆ. ನಿಮ್ಮದು ಆ ಪಟ್ಟಿಯಲ್ಲಿ ಬರುವುದಿಲ್ಲ. ಪಟ್ಟೆದಾರರ ಹೆಸರಿನ ಜೊತೆ ಒಕ್ಕದ ಪರವಾಗಿ ಎಂದು ಸೇರಿಸಿ, ಎಲ್ಲರ ಒಪ್ಪಿಗೆ ಪತ್ರ ಒಂದು ಮಾಡಿಸಿಡಿ. ಇಲ್ಲವಾದರೆ ಹಣ ಬಂದ ದಿನ ಮನೆಯೊಳಗೇ ಬಿರುಕು. ಐನ್‌ಮನೆಯ ಕೆತ್ತನೆ ಬಾಗಿಲು, ಕಂಬ ಮತ್ತೆ ಮಾಡಿಸುವ ಖರ್ಚನ್ನು ಒಬ್ಬ ಒಳ್ಳೆ ಆಚಾರಿಯಿಂದ ಅಂದಾಜು ಬರೆಸಿ. ಮಾಮೂಲಿ ಚದರಡಿ ದರ ಅದಕ್ಕೆ ಸಾಲುವುದಿಲ್ಲ. ಪುತ್ತರಿಯವರೆಗೆ ಕಾಯಬೇಡಿ, ಅದಕ್ಕೆ ಮುಂಚೆ ಮಳೆಗಾಲ ಬರುತ್ತದೆ.

ಬೆಂಗಳೂರಿನಿಂದ ಕೊಡಗಿನವ:
ಸರ್, ಏಪ್ರಿಲ್ ಸಿಡಿಲಿಗೆ ಅಪ್ಪನ ಟಿವಿ, ಯುಪಿಎಸ್ ಎರಡೂ ಸುಟ್ಟವು. ಸಿಡಿಲು ಪಟ್ಟಿಯಲ್ಲಿದೆ ಎಂದಿರಿ. ಕೊಡುತ್ತಾರಾ?

ವಿಮೆ ಸರ್ವೇ ಮಾಡುತ್ತಿದ್ದವನು:
ಬರೀ ಆ ಯಂತ್ರ ವಿದ್ಯುತ್ ಏರಿ ಸುಟ್ಟರೆ ಇಲ್ಲ, ಸಿಡಿಲೇ ಕಾರಣವಾಗಿದ್ದರೂ ಇಲ್ಲ. ಅದರಿಂದ ಬೆಂಕಿ ಹತ್ತಿ ಮನೆ ಸುಟ್ಟರೆ ಉಳಿದದ್ದಕ್ಕೆ ಇದೆ. ಕಳ್ಳತನವೂ ಹಾಗೇ. ಅನಾಹುತವಾದ 7 ದಿನದೊಳಗೆ ಆದ ಕಳ್ಳತನ ಮಾತ್ರ ಮೂಲ ಪಾಲಿಸಿಯಲ್ಲಿದೆ. 2018ರಲ್ಲಿ ಮನೆ ಬಿಟ್ಟು ಓಡಿದವರಿಗೆ ಇದರ ಅರ್ಥ ಗೊತ್ತು. ಮಾಮೂಲಿ ಕಳ್ಳತನಕ್ಕೆ ಬೇರೆಯಾಗಿ ಸೇರಿಸಬೇಕು.

ನಿಮ್ಮ ಅಪ್ಪ ಅಮ್ಮನಿಗೆ ಇನ್ನೊಂದು ಉಪಯೋಗ ಇದೆ. ಮನೆ ವಾಸಕ್ಕೆ ಆಗದ ಹಾಗಾದರೆ ರಿಪೇರಿ ಮುಗಿಯುವವರೆಗೆ ಬೇರೆ ಮನೆಯ ಬಾಡಿಗೆಯೂ ಪಾಲಿಸಿಯಲ್ಲಿ ಬರುತ್ತದೆ. ಇದನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ಆದರೆ ಮಣ್ಣು, ಕಸ ತೆಗೆಸುವುದಕ್ಕೆ ಕ್ಲೇಮ್ ಮೊತ್ತದ ಶೇ 2 ಮಾತ್ರ. 10 ಲಕ್ಷ ಬಂದರೆ 20,000. ಗುಡ್ಡವೇ ಅಂಗಳಕ್ಕೆ ಬಂದರೆ ಅದು ಜೆಸಿಬಿಯ ಒಂದೆರಡು ದಿನದ ಬಾಡಿಗೆ. ಉಳಿದದ್ದು ಕೈಯಿಂದ ಹೋಗುತ್ತದೆ.

ವಿರಾಜಪೇಟೆ ಅಕ್ಕ:
ಕ್ಲೇಮ್ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನೆಂಟರೆಲ್ಲಾ ಬಂದು ಎರಡೇ ದಿನದಲ್ಲಿ ಮಣ್ಣು ತೆಗೆದು ತೊಳೆದುಬಿಟ್ಟರು. ಪ್ರೀತಿಯಿಂದಲೇ ಮಾಡಿದ್ದು. ಸರ್ವೇಯರ್ ಬರುವಾಗ ಮಣ್ಣು ಎಲ್ಲಿವರೆಗೆ ಬಂದಿತ್ತು ಎಂದು ತೋರಿಸಲು ಏನೂ ಇರಲಿಲ್ಲ. ಒಂದು ಫೋಟೊ ಕೂಡ ಇಲ್ಲ. ಕರೆಂಟ್ ಇಲ್ಲದೆ ಫೋನ್ ಆರಿಹೋಗಿತ್ತು.

ವಿಮೆ ಸರ್ವೇ ಮಾಡುತ್ತಿದ್ದವನು:
ಇದನ್ನು ಎಲ್ಲರೂ ನೆನಪಿಡಿ. ಜೀವ ಮೊದಲು, ಸಂಶಯವೇ ಇಲ್ಲ. ಆಮೇಲೆ ಫೋನ್ ಮಾಡಿ ಕಂಪನಿಗೆ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದಿಡಿ. ವಿಡಿಯೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಯ (ಹಿಂದೆ ಗ್ರಾಮ ಲೆಕ್ಕಿಗರು) ಪಂಚನಾಮೆಯ ಪ್ರತಿ ಇಟ್ಟು, ಆಮೇಲೆ ಮಣ್ಣಿಗೆ ಕೈ ಹಾಕಿ. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ 24 ಗಂಟೆಯೊಳಗೆ ಸರ್ವೇಯರ್ ನೇಮಿಸಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ಕಂಪನಿ ಅದಾದ 7 ದಿನದಲ್ಲಿ ತೀರ್ಮಾನ ಹೇಳಬೇಕು.

ಸರಿ ಬರಲಿಲ್ಲವೆಂದರೆ ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳು ಕಾದು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ದೂರು ತೀರ್ಮಾನಿಸುವ ಅಧಿಕಾರಿ) ಹೋಗಿ. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ಆದೇಶ ಮಾಡಬಹುದು. ಕಂಪನಿ ಇಲ್ಲವೆಂದ ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐ ಸಹಾಯವಾಣಿ 155255.

ವಿರಾಜಪೇಟೆ ಅಕ್ಕ:
ಆ ಒಂದು ವರ್ಷದ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದೆ.

ಮಕ್ಕಂದೂರು ಮನೆ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ. ಸರ್, ನಿಮಗೆ ವಿಶೇಷವಾಗಿ.

ಬ್ಯಾಂಕಿನ ಕಾಗದ ಮನೆಯದ್ದೇ, ಜೀವ ವಿಮೆಯದ್ದಲ್ಲ. ಮೇಸ್ತ್ರಿ ಚದರಡಿಗೆ 2,300 ಎಂದರು. 27.6 ಲಕ್ಷ ಆಯಿತು. ತಡೆಗೋಡೆ, ಗೇಟ್, ಸೆಪ್ಟಿಕ್ ಟ್ಯಾಂಕ್ ಸೇರಿಸಿ 32 ಲಕ್ಷಕ್ಕೆ ಕೇಳಿದೆ. ಎರಡು ಕಡೆ ದರ ಬಂತು. ಜಿಎಸ್‌ಟಿ ಸೇರಿ ಒಂದು ಕಡೆ ವರ್ಷಕ್ಕೆ 1,720, ಇನ್ನೊಂದು ಕಡೆ 2,490. ಷರತ್ತು ಒಂದೇ ಇದ್ದರೂ ಇಷ್ಟು ವ್ಯತ್ಯಾಸ. ಸಾಮಾನಿಗೆ 6.4 ಲಕ್ಷ ತಾನಾಗಿ ಸೇರುತ್ತದೆ. ವೈಯಕ್ತಿಕ ಜೀವ, ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಇಲ್ಲವಲ್ಲ, ಇದಕ್ಕೆ ಮಾತ್ರ ಶೇ 18 ಇದೆ. ಅದು ಬೇಜಾರು.

ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಮೊತ್ತ ಪ್ರತಿ ವರ್ಷ ಶೇ 10 ಏರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ ಎಂದರು. ಹೌದಾ ಸರ್?

ವಿಮೆ ಸರ್ವೇ ಮಾಡುತ್ತಿದ್ದವನು:
ಹೌದು ತಂಗಿ. ಒಂದು ವರ್ಷಕ್ಕಿಂತ ಹೆಚ್ಚಿನ ಪಾಲಿಸಿಗೆ ಹಾಗೆ ಏರುತ್ತದೆ, ಮೊದಲ ಮೊತ್ತದ ಎರಡರಷ್ಟಾಗುವವರೆಗೆ. ಕಟ್ಟುವ ಖರ್ಚು ಏರುವ ನಮ್ಮಂಥ ಕಡೆ ಅದು ಒಳ್ಳೆಯದು. ದುಡ್ಡು ಒಟ್ಟಿಗೆ ಹೊಂದಿಸಲು ಆಗದಿದ್ದರೆ ಮೂರು ವರ್ಷದ್ದು ತೆಗೆಯಿರಿ. ಒಂದೊಂದು ವರ್ಷದ್ದು ತೆಗೆದವರು ನವೀಕರಿಸಲು ಮರೆಯುತ್ತಾರೆ. ಮರೆತದ್ದು ಗೊತ್ತಾಗುವುದು ಆಗಸ್ಟ್‌ನಲ್ಲೇ. ಜೆಸಿಬಿ ವಿಷಯ ಏನಾಯಿತು?

ಮಕ್ಕಂದೂರು ಮನೆ:
ಪಂಚಾಯಿತಿಗೆ ಅರ್ಜಿ ಕೊಟ್ಟೆ, ಸ್ವೀಕೃತಿ ಸಿಕ್ಕಿತು. ಬರೆಯ ಫೋಟೊ ನಲವತ್ತು ತೆಗೆದು ಮಗನಿಗೆ, ಅಣ್ಣನಿಗೆ ಕಳಿಸಿದ್ದೇನೆ. ನನ್ನ ಫೋನ್ ಹೋದರೂ ಇರಲಿ ಎಂದು. ಮೇಲಿನವರು ನಮಗೆ ದೂರದ ನೆಂಟರೂ ಹೌದು. ಅರ್ಜಿ ಕೊಟ್ಟದ್ದು ಅವರಿಗೆ ಇನ್ನೂ ಗೊತ್ತಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಬೇಕು. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಮಳೆ ಮುಗಿಯುವವರೆಗೆ ಮಣ್ಣು ತೆಗೆಯಬೇಡಿ, ತೆಗೆದಷ್ಟಕ್ಕೆ ಈಗಲೇ ಗೋಡೆ ಕಟ್ಟಿ, ನೀರು ಹೋಗಲು ಚರಂಡಿ ಮಾಡಿ ಎಂದು ಕೇಳುತ್ತೇನೆ. ಜೆಸಿಬಿ ಇವತ್ತು ಸಂಜೆಯೂ ಅಲ್ಲೇ ನಿಂತಿತ್ತು.